ಬೀಗಕ್ಕೊಂದು ಕೀಲಿ

"ಹೋಗ್ಲಾ, ಇರ್ಲಾ?" ಅಂತ ಅವನು ಕೇಳಿದ್ದು ಮೇಜಿನ ಕೆಳಗಿನಿಂದ.

ಬೆಳಗಿನ ಹೊತ್ತು. ಕ್ಲಬ್ಬು ಇನ್ನೂ ಆಟಗಾರರಿಗೆ ತೆರೆದಿರಲಿಲ್ಲ. ಪರದೆಗಳನ್ನೆಲ್ಲ ಸರಿಸಿದ್ದರಿಂದ, ವರ್ಷವಿಡೀ ಬಲ್ಬಿನ ಬೆಳಕನ್ನಷ್ಟೇ ಕಂಡಿದ್ದ ಆ ಹಾಲಿಗೆ ಬಿಸಿಲು ಹೊಸ ನೆಂಟನ ಹಾಗೆ ಸಂಕೋಚಪಡುತ್ತ ಬಂದು ಕೂತಿತ್ತು. ಪೋಕರ್ ಮೇಜುಗಳ ಸವೆದ ಹಸಿರು ಬಟ್ಟೆ ಕಿತ್ತು ಹೊಸದು ಹೊದಿಸುವುದು ಅವನ ಕೆಲಸ. ಅಂಗಾತ ಮಲಗಿ, ಅರ್ಧ ಮೈಯನ್ನು ಮೇಜಿನಡಿ ತೂರಿಸಿಕೊಂಡು, ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡಿದ್ದ. ಯಾವಾಗ ನೋಡಿದರೂ ಬಾಯಲ್ಲಿ ಮೊಳೆ ಇರುತ್ತಿದ್ದದ್ದರಿಂದ ಕ್ಲಬ್ಬಿನವರು ಅವನಿಗೆ ಇಟ್ಟ ಹೆಸರೇ ಮೊಳೆ.

ಅವಳು ಪಕ್ಕದಲ್ಲಿ ನೆಲದ ಮೇಲೆ ಕಾಲು ಮಡಚಿ, ಎರಡು ಲೋಟ ಟೀ ಹಿಡಿದು ಕೂತಿದ್ದಳು. ಆ ಮೇಜುಗಳಲ್ಲಿ ಆಡಿಯೇ ಬದುಕುವವಳು. ಅವಳಿಗೂ ಒಂದು ಅಡ್ಡಹೆಸರಿತ್ತು: ಗೋಡೆ.

"ಎಲ್ಲಿಗೆ ಹೋಗೋದು?"

ಅವನು ಹೊರಕ್ಕೆ ಜಾರಿ ಬಂದ. ಎದ್ದು ಕೂತು, ಬಾಯಿಂದ ಮೊಳೆಗಳನ್ನು ಒಂದೊಂದೇ ಅಂಗೈಗೆ ಉಗುಳಿಕೊಂಡ. ಕೂದಲಲ್ಲಿ ಹಸಿರು ನೂಲಿನ ಎಳೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಬೇಕು ಅಂತ ಅವಳ ಬೆರಳು ಆಸೆಪಟ್ಟಿತು. ತೆಗೆಯಲಿಲ್ಲ.

"ದೂರದ ಬಂದರಿನ ಹತ್ತಿರ ದೊಡ್ಡ ಹೋಟೆಲ್ ಎದ್ದಿದೆ. ಅಲ್ಲಿನ ಮೇಜು, ಸೋಫಾ, ಕುರ್ಚಿ ಎಲ್ಲಾ ಹೊದಿಸೋ ಕೆಲಸ. ವರ್ಷಗಟ್ಟಲೆ ಅಲ್ಲೇ ಇರ್ಬೇಕು. ಈ ವರ್ಷದ ಕೊನೇ ಸಂಜೆ ಬಸ್ಸು." ಅವನು ಮೊಳೆಗಳನ್ನು ಅಂಗೈಯಲ್ಲಿ ಕುಲುಕಿದ. "ನಂಗೆ ಇಲ್ಲಿ ಯಾರೂ ಇಲ್ಲ, ನಿನ್ನ ಬಿಟ್ರೆ. ನೀನು ಇರು ಅಂದ್ರೆ ಇರ್ತೀನಿ. ಮದುವೆ, ಮನೆ, ಅದೆಲ್ಲ ಆಮೇಲೆ ಕೂತು ಜಗಳ ಆಡೋಣ. ಈಗ ಇಷ್ಟೇ ಹೇಳು. ಹೋಗ್ಲಾ, ಇರ್ಲಾ?"

ಅವಳ ಎದೆಯೊಳಗೆ ಯಾರೋ ಕಿಟಕಿಗಳನ್ನೆಲ್ಲ ಒಟ್ಟಿಗೇ ತೆರೆದ ಹಾಗಾಯಿತು. ಇರು ಅನ್ನುವ ಮಾತು ನಾಲಿಗೆಯ ತುದಿಯ ತನಕ ಓಡಿ ಬಂತು. ಬಂದು, ಅಲ್ಲಿ ನಿಂತುಬಿಟ್ಟಿತು.

ಯಾಕೆಂದರೆ ನಾಲಿಗೆಯ ತುದಿಯಲ್ಲಿ ಆಗಲೇ ಬೇರೊಂದು ಸಾಲು ಕೂತಿತ್ತು.

ಒಂದೂರು. ಊರಿಗೊಂದು ಕೋಟೆ. ಕೋಟೆಗೊಂದು ಬಾಗಿಲು. ಬಾಗಿಲಿಗೊಂದು ಬೀಗ. ಬೀಗಕ್ಕೊಂದು ಕೀಲಿ.

ಅದು ಅವಳ ಅಜ್ಜಿಯ ಕಥೆಗಳ ಮೊದಲ ಸಾಲು. ರಾಜಕುಮಾರನ ಕಥೆಯಾಗಲಿ, ಏಳು ತಲೆಯ ಹಾವಿನ ಕಥೆಯಾಗಲಿ, ಅಜ್ಜಿ ಶುರುಮಾಡುತ್ತಿದ್ದದ್ದು ಹೀಗೇ. ಅಜ್ಜಿಯೇ ಅವಳಿಗೆ ಇಸ್ಪೀಟು ಕಲಿಸಿದ್ದು, ಹಳೆಯ ಅಂಗಿಗಳ ಗುಂಡಿಗಳನ್ನು ಪಣಕ್ಕಿಟ್ಟು, ಮೊಮ್ಮಗಳು ಅನ್ನುವ ದಯೆ ದಾಕ್ಷಿಣ್ಯವಿಲ್ಲದೆ ಮೋಸ ಮಾಡುತ್ತ. ಮುಂದೆ ದೊಡ್ಡವಳಾಗಿ ಕ್ಲಬ್ಬಿಗೆ ಬಂದ ಹೊಸದರಲ್ಲಿ ಅವಳು ಸೋತದ್ದೇ ಸೋತದ್ದು. ಒಳ್ಳೆಯ ಎಲೆ ಬಂದರೆ ಥಟ್ಟನೆ ಆಡುತ್ತಿದ್ದಳು, ಕೆಟ್ಟ ಎಲೆ ಬಂದರೆ ತಡವರಿಸುತ್ತಿದ್ದಳು. ಎದುರಿಗೆ ಕೂತ ಹಲ್ಲಿನ ಡಾಕ್ಟರು ಅವಳ ಎಲೆಗಳನ್ನು ಪೇಪರ್ ಓದಿದಷ್ಟು ಸಲೀಸಾಗಿ ಓದಿಬಿಡುತ್ತಿದ್ದರು. ಆಗ ಅವಳು ಆ ಸಾಲನ್ನು ಹಿಡಿದುಕೊಂಡಳು. ಎಕ್ಕಗಳೇ ಬರಲಿ, ಕಸವೇ ಬರಲಿ, ಮನಸ್ಸಿನಲ್ಲಿ ಊರಿನಿಂದ ಕೀಲಿಯವರೆಗೆ ಪೂರ್ತಿ ಹೇಳಿಕೊಂಡೇ ಬಾಯಿ ಬಿಡುವುದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆಮೇಲೆ ಯಾರಿಗೂ ಅವಳು ಸಿಕ್ಕಲಿಲ್ಲ. ಗೋಡೆ ಅನ್ನುವ ಹೆಸರು ಬಂದದ್ದು ಹಾಗೆ. ಆ ಸಾಲಿನ ಗುಟ್ಟನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಜ್ಜಿಗೂ.

ಈಗ ಅದು ತಾನಾಗಿಯೇ ಉರುಳುತ್ತಿತ್ತು. ಕೋಟೆಗೊಂದು ಬಾಗಿಲು... ಅವನು ಅವಳ ಮುಖ ನೋಡುತ್ತಿದ್ದ. ಬಾಗಿಲಿಗೊಂದು ಬೀಗ... ಅವನ ಕಣ್ಣಿನ ಬೆಳಕು ತಗ್ಗುತ್ತ ಬಂತು.

"ಇರು," ಅಂದಳು.

ಅವನು ನಕ್ಕ. ಆ ನಗು ಅವಳಿಗೆ ಇಷ್ಟವಾಗಲಿಲ್ಲ.

"ಇಷ್ಟು ಹೊತ್ತು ಏನು ಲೆಕ್ಕ ಹಾಕ್ದೆ?"

"ಏನೂ ಇಲ್ಲ." ಅದನ್ನು ಹೇಳುವ ಮುಂಚೆಯೂ ಆ ಸಾಲು.

"ನೋಡು, ಮತ್ತೆ." ಅವನು ಎದ್ದು ನಿಂತ. "ನೀನು ಆಡೋದನ್ನ ನಾನು ನೋಡಿದ್ದೀನಿ ಕಣೇ. ಸುಳ್ಳು ಆಡುವಾಗ್ಲೂ ಇದೇ ಮುಖ, ನಿಜ ಆಡುವಾಗ್ಲೂ ಇದೇ ಮುಖ. ಇಷ್ಟೇ ಹೊತ್ತು ಕಾಯ್ತೀಯ. ಈಗ ನೀನು ಹೇಳಿದ್ದು ಯಾವುದು ಅಂತ ನಾನು ಹೇಗೆ ತಿಳ್ಕೋಬೇಕು?"

ಅವನ ಪಾಲಿನ ಟೀ ಅವಳ ಕೈಯಲ್ಲೇ ಆರಿತು.

*

ಅವನು ಮೊದಲ ಸಲ ಅವಳನ್ನು ಮಾತಾಡಿಸಿದ್ದೂ ಮೇಜಿನ ಕೆಳಗಿನಿಂದಲೇ.

"ಈ ಸೀಟಲ್ಲಿ ಬೆಕ್ಕು ಕೂರುತ್ತಾ?" ಅಂತ ಕೂಗಿದ್ದ. ಅವಳು ಆ ದಿನ ಬೇಗ ಬಂದು, ತನ್ನ ಮಾಮೂಲಿ ಜಾಗದಲ್ಲಿ ಕೂತು, ಕಾಲಿನ ಬಳಿ ಗಂಡಸೊಬ್ಬನ ದನಿ ಎದ್ದದ್ದಕ್ಕೆ ಬೆಚ್ಚಿ ಕುರ್ಚಿ ಸಮೇತ ಹಿಂದಕ್ಕೆ ಸರಿದಿದ್ದಳು.

ಮೇಜಿನ ಸುತ್ತ ಕೈಯೂರಲು ಮೆತ್ತನೆಯ ಅಂಚು ಇರುತ್ತದಲ್ಲ, ಅದರ ಅಡಿಭಾಗದ ರೆಕ್ಸಿನ್ ಅವಳ ಜಾಗದಲ್ಲಿ ಮಾತ್ರ ಚಿಂದಿಯಾಗಿತ್ತು. ಮುಖಕ್ಕೆ, ದನಿಗೆ, ಉಸಿರಿಗೆ ಬೇಲಿ ಹಾಕಿಕೊಂಡವಳ ಎಡಗೈ ಹೆಬ್ಬೆರಳಿನ ಉಗುರು, ಯಾರಿಗೂ ಕಾಣದ ಆ ಜಾಗದಲ್ಲಿ, ಭಯವನ್ನೂ ಆಸೆಯನ್ನೂ ಕೆರೆಯುತ್ತ ಕೂತಿರುತ್ತಿತ್ತು. ಕಥೆಯ ರಾಕ್ಷಸ ತನ್ನ ಪ್ರಾಣವನ್ನು ಎಲ್ಲೋ ದೂರದ ಗಿಳಿಯೊಳಗೆ ಬಚ್ಚಿಟ್ಟ ಹಾಗೆ ಅವಳು ತನ್ನ ಮುಖವನ್ನು ಆ ಅಂಚಿನ ಅಡಿಯಲ್ಲಿ ಬಚ್ಚಿಟ್ಟಿದ್ದಳು.

ಅವನು ಹೊರಗೆ ಬಂದು ಅವಳನ್ನು ನೋಡಿದ. ಆಮೇಲೆ ಅವಳ ಎಡಗೈ ನೋಡಿದ. ಅವಳು ಥಟ್ಟನೆ ಬೆರಳು ಮಡಚಿಕೊಂಡಳು.

"ಓ, ಬೆಕ್ಕು ನೀವೇನಾ?" ಅಂದ.

ಯಾರಿಗೂ ಹೇಳಲಿಲ್ಲ ಅವನು. ಆ ಜಾಗಕ್ಕೆ ಮಾತ್ರ ಮೆತ್ತಗಿನ ಚರ್ಮದ ತುಂಡೊಂದನ್ನು ಹೊಲಿದು ಹಾಕಿದ. "ಉಗುರಿಗೆ ನೋವಾಗಲ್ಲ ಇನ್ಮೇಲೆ," ಅಂದ. ಮಾರನೇ ದಿನ ಅವಳು ಟೀ ತಂದಳು. ಅದರ ಮಾರನೇ ದಿನ ಅವನು ಬಿಸ್ಕತ್ತು ತಂದ. ನೀವು ಹೋಗಿ ನೀನು ಆಯಿತು. ಗೋಡೆಗೆ ಕೊನೆಗೂ ಮೊಳೆ ಸಿಕ್ಕಿತು ಅಂತ ಕ್ಲಬ್ಬಿನವರು ಹಲ್ಲು ಕಿಸಿದರು. ಅವಳು ಮುಖ ಗಂಟಿಕ್ಕಲೂ ಇಲ್ಲ, ನಗಲೂ ಇಲ್ಲ. ಅಂಚಿನ ಕೆಳಗೆ, ಮೆತ್ತಗಿನ ಚರ್ಮದ ಮೇಲೆ, ಹೆಬ್ಬೆರಳನ್ನು ಸುಮ್ಮನೆ ಸವರಿದಳು.

*

ಅವನು ಫೋನ್ ಎತ್ತಲಿಲ್ಲ.

ಎರಡು ದಿನ ನೋಡಿ, ಮಧ್ಯಾಹ್ನದ ಹೊತ್ತಿಗೆ ಅವನ ಅಂಗಡಿಗೇ ಹೋದಳು. ಟೈರ್ ಅಂಗಡಿಯ ಪಕ್ಕದ ಉದ್ದನೆಯ ಶೆಡ್ಡು. ಬಟ್ಟೆ ಕಳಚಿದ ಸೋಫಾಗಳು ಪಕ್ಕೆಲುಬು ತೋರಿಸಿಕೊಂಡು ನಿಂತಿದ್ದವು. ಅವನು ರೆಕ್ಸಿನ್ ಸುರುಳಿಗಳಿಗೆ ಹಗ್ಗ ಬಿಗಿಯುತ್ತಿದ್ದ.

"ಆವತ್ತು ನಾನು ಇರು ಅಂದೆ," ಅಂದಳು.

"ಅಂದೆ. ಕೇಳಿಸ್ತು."

"ಮತ್ತೆ ಇದೇನು, ಗಂಟು ಮೂಟೆ?"

ಅವನು ಹಗ್ಗದ ಗಂಟನ್ನು ಹಲ್ಲಿಂದ ಎಳೆದ. ತಲೆ ಎತ್ತದೆಯೇ ಮಾತಾಡಿದ. "ನಾನು ಹಾಸ್ಟೆಲಲ್ಲಿ ಬೆಳೆದೋನು, ರಜೆ ಬಂದ್ರೆ ಚಿಕ್ಕಮ್ಮನ ಮನೆ. ನಿಂಗೆ ಹೇಳಿದ್ದೀನಿ. ರಜೆ ಮುಗಿದು, ಇನ್ನೂ ಸ್ವಲ್ಪ ದಿನ ಇರ್ಲಾ ಚಿಕ್ಕಮ್ಮ ಅಂತ ಕೇಳ್ತಿದ್ದೆ. ಇರಪ್ಪ ಅಂತಾನೇ ಅಂತಿದ್ರು. ಒಂದು ಸಲಾನೂ ಬೇಡ ಅಂದೋರಲ್ಲ. ಆದ್ರೆ ಇರು ಅನ್ನೋಕೆ ಮುಂಚೆ ಒಂದು ಸಲ ಚಿಕ್ಕಪ್ಪನ ಮುಖ ನೋಡ್ತಿದ್ರು. ಒಲೆ ಕಡೆ ನೋಡ್ತಿದ್ರು. ಆಮೇಲೆ ಇರು." ಅವನು ಈಗ ಅವಳನ್ನು ನೋಡಿದ. "ಆ ಹೊತ್ತು ಎಷ್ಟು ಉದ್ದ ಅಂತ ನಂಗೆ ಚೆನ್ನಾಗಿ ಗೊತ್ತು. ಇಡೀ ಬಾಲ್ಯ ಅದರಲ್ಲೇ ಕಳೆದಿದ್ದೀನಿ. ಇನ್ನೊಂದು ಮನೇಲಿ ನಂಗೆ ಅದು ಬೇಡ."

"ಅದು ಹಾಗಲ್ಲ..."

"ಹಾಗಲ್ಲ ಅಂದ್ರೆ ಹೇಗೆ? ಹೇಳು. ಯೋಚನೆ ಮಾಡದೇ, ಬಾಯಿಗೆ ಬಂದದ್ದು ಹೇಳು. ಬೈದ್ರೂ ಪರವಾಗಿಲ್ಲ. ನಾನು ಅಂದ್ರೆ ನಿಂಗೆ ಏನು?"

ಪ್ರಾಣ, ಅಂತ ಅವಳು ಹೇಳಬೇಕಿತ್ತು. ಹೇಳಿಬಿಡುತ್ತೇನೆ ಅಂದುಕೊಂಡು ಬಾಯಿ ತೆರೆದಳು. ಒಂದೂರು, ಅಂತು ಒಳಗಿನದು. ಅವಳು ಅದನ್ನು ತಡೆದಳು. ಊರಿಗೊಂದು ಕೋಟೆ. ಸುಮ್ಮನಿರು ಅಂತ ಅದನ್ನು ಗದರಿಸಿದಳು. ಹೆದರಿದಷ್ಟೂ ಅದು ಗಟ್ಟಿಯಾಯಿತು. ವರ್ಷಗಳಿಂದ ಅವಳು ಅದಕ್ಕೆ ಕಲಿಸಿದ್ದೇ ಅದು, ಭಯವಾದಾಗ ಬಂದು ಕಾಪಾಡು ಅಂತ. ಸಾಕಿದ ನಾಯಿ ಮನೆಯವನನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದ ಹಾಗೆ ಅದು ಅವನನ್ನು ತಡೆದು ನಿಂತಿತ್ತು.

ಕೀಲಿ ಬರುವಷ್ಟರಲ್ಲಿ ಅವನು ಮುಂದಿನ ಸುರುಳಿಗೆ ಹಗ್ಗ ಸುತ್ತತೊಡಗಿದ್ದ.

"ಕ್ಲಬ್ಬಲ್ಲಿ ಒಂದೇ ಮೇಜು ಬಾಕಿ ಇದೆ," ಅಂದ, ಗಿರಾಕಿಗೆ ಹೇಳುವ ದನಿಯಲ್ಲಿ. "ಕೊನೇ ದಿನ ಬಂದು ಮುಗಿಸ್ತೀನಿ ಅಂತ ಯಜಮಾನಿಗೆ ಹೇಳಿದ್ದೀನಿ. ನಿನ್ನ ಸೀಟಿನ ಚರ್ಮಾನೂ ಬದಲಾಯಿಸಿ ಹೋಗ್ತೀನಿ. ಚಿಂತೆ ಮಾಡ್ಬೇಡ."

*

"ಊಟ ಬೇಕಾ?" ಅಜ್ಜಿ ಕೇಳಿದಳು.

ಅವಳು ಸುಮ್ಮನಿದ್ದಳು.

"ತಡ ಆಯ್ತು! ಮತ್ತೆ. ಹಸಿವಾಗಿದ್ಯಾ?"

"...ಇಲ್ಲ."

"ತಡ! ಅಯ್ಯೋ, ಪೋಸ್ಟಲ್ಲಿ ಬಂದ ಹಾಗೆ ಬರುತ್ತಲ್ಲೇ ನಿನ್ನ ಉತ್ತರ!"

ಅಡುಗೆಮನೆಯ ಕಿಟಕಿಯ ಬಳಿ ಅಜ್ಜಿ ಮೊಮ್ಮಗಳು ಎದುರುಬದುರು ಕೂತಿದ್ದರು. ಅವಳೇ ಕೇಳಿಕೊಂಡಿದ್ದಳು, ಸುಮ್ಮನೆ ಪ್ರಶ್ನೆ ಕೇಳ್ತಾ ಹೋಗು ಅಜ್ಜಿ, ನಾನು ತಕ್ಷಣ ಹೇಳೋದು ಕಲೀಬೇಕು ಅಂತ. ಸಂಜೆಯಿಂದ ಒಂದಕ್ಕೂ ತಕ್ಷಣ ಹೇಳಲಾಗಿರಲಿಲ್ಲ. ಅಜ್ಜಿ ಮಾತಿನ ನಡುವೆ, ಒಬ್ಬರೇ ಆಡುವ ಇಸ್ಪೀಟಾಟ ಪೇಷನ್ಸ್ ಆಡುತ್ತ, ತನಗೆ ತಾನೇ ಮೋಸ ಮಾಡಿಕೊಳ್ಳುತ್ತಿದ್ದಳು.

ಹೊಸ ವರ್ಷಕ್ಕೆ ಅವಳು ಗುರಿಗಳನ್ನು ಮೊದಲೇ ತೀರ್ಮಾನಿಸಿ ಇಟ್ಟಿದ್ದಳು. ಪ್ರತಿವರ್ಷವೂ ಇಡುತ್ತಿದ್ದಳು. ಬೆಳಗ್ಗೆ ಎದ್ದು ಓಡುವುದು. ಸೋತ ಆಟಗಳನ್ನು ವಾರಕ್ಕೊಮ್ಮೆ ಕೂತು ತಿರುಗಿ ನೋಡುವುದು. ಸಿಟ್ಟು ಬಂದಾಗ ಮೇಜಿನಿಂದ ಎದ್ದು ಹೋಗುವುದು. ದೊಡ್ಡ ಟೂರ್ನಮೆಂಟಿನಲ್ಲಿ ಕೊನೆಯ ಮೇಜಿನವರೆಗೆ ತಲುಪುವುದು. ಚೆಂದದ, ಒಪ್ಪವಾದ ಗುರಿಗಳು. ಈಗ ಅವನ್ನು ನೆನೆಸಿಕೊಂಡರೆ ಯಾರದೋ ಮನೆಯ ಪಾತ್ರೆಗಳನ್ನು ತೊಳೆದಿಟ್ಟ ಹಾಗೆ ಅನ್ನಿಸುತ್ತಿತ್ತು. ಅವನಿಲ್ಲದ ಊರಿನಲ್ಲಿ ಬೆಳಗ್ಗೆ ಎದ್ದು ಯಾವ ಕಡೆಗೆ ಓಡುವುದು?

ಅವಳು ಅಜ್ಜಿಗೆ ಎಲ್ಲ ಹೇಳಿಬಿಟ್ಟಳು. ಸಾಲಿನ ಗುಟ್ಟನ್ನೂ.

ಅಜ್ಜಿಯ ಕೈಯಲ್ಲಿ ಆಟಿನ್ ರಾಣಿ ಹಾಗೇ ನಿಂತಿತು. "ನನ್ನ ಕಥೆ ಸಾಲಾ? ಅದನ್ನ ಇಟ್ಕೊಂಡು ಹೀಗೆ ಮಾಡ್ಕೊಂಡ್ಯಾ?"

"ಹೂಂ."

"ಅಯ್ಯೋ ನನ್ನ ಬಂಗಾರ! ಬೀಗ, ಬಾಗಿಲು ಎಲ್ಲಾ ಹೇಳ್ತಿದ್ದದ್ದು ಕೊನೇಲಿ ಕೀಲಿ ಇದೆ ಅಂತ ಹೇಳೋಕೆ ಕಣೇ. ನೀನು ನೋಡಿದ್ರೆ ಕೋಟೆ ಒಳಗೆ ಕೂತು ಬೀಗ ಸವರ್ತಾ ಇದ್ದೀಯ." ಅಜ್ಜಿ ಎಲೆಗಳನ್ನು ಕಲೆಸಿ ಒಟ್ಟುಮಾಡಿದಳು. "ಅವನಿಗೆ ಒಬ್ಬಂಗೇ ಹೇಳಿದ್ರೆ ನಂಬಲ್ಲ. ನಿನ್ನ ಮುಖ ಓದೋಕೆ ಅಂತ ಕಾಯ್ತಾ ಕೂತಿರೋ ರಣಹದ್ದುಗಳಿದ್ದಾವಲ್ಲ, ಅವುಗಳ ಮುಂದೆ ಹೇಳು. ಅಲ್ಲಿ ಯಾವಳಾದ್ರೂ ಸುಮ್ಮಸುಮ್ಮನೆ ಗುಟ್ಟು ಬಿಟ್ಟುಕೊಡ್ತಾಳಾ?"

ಅವಳು ಕಣ್ಣೊರೆಸಿಕೊಂಡಳು. ವರ್ಷದ ಕೊನೆಯ ದಿನ ಕ್ಲಬ್ಬಿನಲ್ಲಿ ಗುರಿಯಾಟ ಇತ್ತು.

*

ಆ ಕ್ಲಬ್ಬಿನ ಪದ್ಧತಿ ಹೀಗೆ. ವರ್ಷದ ಕೊನೆಯ ಮಧ್ಯಾಹ್ನ ಯಾರೂ ದುಡ್ಡಿಟ್ಟು ಆಡುವಂತಿಲ್ಲ. ಹಳಬರು ಒಂದೇ ಮೇಜಿನ ಸುತ್ತ ಕೂರುತ್ತಾರೆ, ಯಜಮಾನಿಯೇ ಎಲೆ ಹಂಚುತ್ತಾಳೆ. ಎಲೆ ಎಸೆದು ಹಿಂದೆ ಸರಿಯುವ ಹಾಗಿಲ್ಲ. ಎಲ್ಲರಿಗಿಂತ ಕಡೆಯ ಎಲೆ ಬಂದವರು ಬರುವ ವರ್ಷದ ತಮ್ಮ ಸ್ವಂತ ಗುರಿಯೊಂದನ್ನು ಹೇಳಬೇಕು. ಕೇಳಿದವರಿಗೆ ಸುಳ್ಳು ಅನ್ನಿಸಿದರೆ ಮೇಜು ತಟ್ಟುತ್ತಾರೆ. ತಟ್ಟಿದರೆ ಬೇರೆ ಹೇಳಬೇಕು. ಸುಳ್ಳು ಹಿಡಿಯುವುದನ್ನೇ ಕಸುಬು ಮಾಡಿಕೊಂಡವರ ಮುಂದೆ ನಿಜ ಹೇಳುವುದು ಹುಡುಗಾಟವಲ್ಲ. ಅವಳು ಹೋದ ವರ್ಷ ವಾರಕ್ಕೊಮ್ಮೆ ಸೋತ ಆಟ ನೋಡ್ತೀನಿ ಅಂದಾಗ ಮೇಜು ಬಾಗಿಲು ಬಡಿದ ಹಾಗೆ ಸದ್ದು ಮಾಡಿತ್ತು.

ಈ ಸಲದ ಆಟ ಬಾಕಿ ಉಳಿದಿದ್ದ ಮೇಜಿನ ಮೇಲೆ. ಅದು ಅವಳದೇ ಮೇಜು. ಇವರ ಆಟ ಮುಗಿದ ಮೇಲೆ ಅವನು ಬಟ್ಟೆ ಕೀಳಬೇಕು. ಅವನು ಮೂಲೆಯಲ್ಲಿ ಕೂತು ಹೊಸ ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಪಕ್ಕದಲ್ಲಿ ಊರು ಬಿಡುವವನ ಚೀಲ.

ಸೋಲಬೇಕು ಅಂದುಕೊಂಡು ಅವಳು ಕೂತಳು. ಒಂದೇ ಒಂದು ಸಲ ಸೋತರೆ ಸಾಕು.

ಮೊದಲ ಕೈಯಲ್ಲಿ ಜೋಡಿ ರಾಜ ಬಂದವು.

ಕಡೆಯದು ಬಂದದ್ದು ರಿಟೈರಾದ ಬಸ್ ಕಂಡಕ್ಟರಿಗೆ. ಅವರ ದನಿಗೆ ಇನ್ನೂ ಮೈಕು ಬೇಕಿರಲಿಲ್ಲ. "ಬರೋ ವರ್ಷ ಸೊಸೆ ಮಾಡಿದ ಅಡುಗೆಗೆ ಉಪ್ಪು ಕಡಿಮೆ ಅನ್ನಲ್ಲ!"

ಎಲ್ಲರೂ ಮೇಜು ತಟ್ಟಿದರು.

"ಸರಿ, ಸರಿ. ಮನಸಲ್ಲಿ ಅಂದ್ಕೋತೀನಿ. ಬಾಯಿಬಿಟ್ಟು ಅನ್ನಲ್ಲ."

ನಕ್ಕು ಬಿಟ್ಟುಕೊಟ್ಟರು. ಮುಂದಿನ ಕೈ. ಅವಳಿಗೆ ಎಕ್ಕ ಮತ್ತು ಎಕ್ಕ. ಆಮೇಲೆ ಒಂದೇ ಬಣ್ಣದ ಐದು. ಹಲ್ಲಿನ ಡಾಕ್ಟರು ಸೋತು, ಬರೋ ವರ್ಷ ತಮ್ಮ ಹುಳುಕು ಹಲ್ಲನ್ನು ಬೇರೆ ಡಾಕ್ಟರಿಗೆ ತೋರಿಸೋ ಧೈರ್ಯ ಮಾಡ್ತೀನಿ ಅಂದರು. ಯಾರೂ ತಟ್ಟಲಿಲ್ಲ. ಕಂಡಕ್ಟರು ಮತ್ತೆ ಸೋತರು, ಮತ್ತೆ ಮತ್ತೆ ಸೋತರು. ತಮ್ಮ ಗುರಿಗಳೆಲ್ಲ ಮುಗಿದು ಹೆಂಡತಿಯ ಗುರಿಗಳನ್ನು ಹೇಳತೊಡಗಿದರು.

"ಏನಮ್ಮ ಗೋಡೆ, ಇವತ್ತು ಸುಮ್ನೆ ಆಡೋ ದಿನ, ಇವತ್ತೇ ಇಂಥಾ ಎಲೆ!" ಯಜಮಾನಿ ಹಂಚುತ್ತ ಅಂದಳು. "ಯಾವ ಜನ್ಮದ ಪುಣ್ಯಾನೋ."

ಅವಳ ಮುಖದಲ್ಲಿ ಏನೂ ಇರಲಿಲ್ಲ. ಅಂಚಿನ ಕೆಳಗೆ ಉಗುರು ಅವನು ಹೊಲಿದ ಚರ್ಮವನ್ನು ಕೆರೆಯುತ್ತಿತ್ತು. ಬದುಕೆಲ್ಲ ಇಂಥ ಎಲೆಗಳಿಗಾಗಿ ಹಂಬಲಿಸಿದ್ದಳು. ಬೇಡ ಅಂದ ಒಂದೇ ಮಧ್ಯಾಹ್ನ ಅವು ಕರೆಯದ ಮದುವೆಗೆ ಬಂದ ದಿಬ್ಬಣದ ಹಾಗೆ ಒಂದರ ಹಿಂದೆ ಒಂದು ಬರುತ್ತಿದ್ದವು. ದಯವಿಟ್ಟು ಸೋಲಿಸು, ಅಂತ ಯಾರಿಗೆ ಬೇಡಿಕೊಳ್ಳುತ್ತಿದ್ದೇನೆ ಅಂತಲೂ ತಿಳಿಯದೆ ಬೇಡಿಕೊಂಡಳು.

ಕಿಟಕಿಯ ಬಿಸಿಲು ಹಳದಿಗೆ ತಿರುಗಿತು. ಮೂಲೆಯಲ್ಲಿ ಅವನು ಒಂದು ಸಲ ಗೋಡೆಯ ಗಡಿಯಾರ ನೋಡಿದ. ಅವಳ ಉಗುರು ಚರ್ಮವನ್ನು ದಾಟಿ ಮರ ಮುಟ್ಟಿತು.

"ಸಾಕು," ಅಂದಳು ಯಜಮಾನಿ, ಕಟ್ಟನ್ನು ಮೇಜಿಗೆ ಬಡಿದು ಸಮಮಾಡುತ್ತ. "ಮೊಳೆಗೆ ಬಸ್ಸಿದೆ. ಜಾಗ ಬಿಡಿ. ಎಲ್ಲರಿಗೂ ಒಳ್ಳೇದಾಗ್ಲಿ."

ಕುರ್ಚಿಗಳು ಹಿಂದಕ್ಕೆ ಸರಿದವು. ಅವನು ಇಕ್ಕಳ ಹಿಡಿದು ಬಂದ. ಎಲ್ಲರೂ ಎದ್ದರು. ಅವಳು ಏಳಲಿಲ್ಲ.

"ಏಳು," ಅಂದ ಮೆಲ್ಲಗೆ. "ಅಂಚು ಬಿಚ್ಚಬೇಕು."

"ನಾನಿನ್ನೂ ಗುರಿ ಹೇಳಿಲ್ಲ."

"ಸೋಲಲಿಲ್ಲವಲ್ಲಮ್ಮ ನೀನು!" ಕಂಡಕ್ಟರು ಕೋಟಿನ ತೋಳು ಹುಡುಕುತ್ತ ಅಂದರು. "ನನ್ನ ಮರ್ಯಾದೆ ಎಲ್ಲಾ ತೆಗೆದೆ, ನಿಂದು ಹಾಗೇ ಇದೆ. ಮನೆಗೆ ಹೋಗು."

"ಸೋತೆ," ಅಂದಳು. ದನಿ ಒಡೆಯಿತು. "ಇವತ್ತಲ್ಲ. ಇದೇ ಹಾಲಲ್ಲಿ, ಒಂದು ಬೆಳಗ್ಗೆ. ಯಾರೂ ಇರ್ಲಿಲ್ಲ."

ತೋಳು ಹುಡುಕುತ್ತಿದ್ದ ಕೈ ನಿಂತಿತು. ಗೋಡೆಯ ದನಿ ಒಡೆದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮತ್ತೆ ಕೂತರು. ಅವಳು ಎರಡೂ ಕೈಗಳನ್ನು ಅಂಚಿನ ಕೆಳಗಿನಿಂದ ತೆಗೆದು ಹಸಿರು ಬಟ್ಟೆಯ ಮೇಲಿಟ್ಟಳು. ಹೆಬ್ಬೆರಳಿನ ಉಗುರಿನ ಸುತ್ತ ರಕ್ತ ಜಿನುಗಿತ್ತು.

"ನೀವು ಯಾವ ಎಲೆ ಬಂದ್ರೂ ನಾನು ಅಷ್ಟೇ ಹೊತ್ತು ಕಾಯ್ತೀನಿ ಅಂತ ಬೈಕೋತಿದ್ರಲ್ಲ ಡಾಕ್ಟ್ರೇ. ಲೆಕ್ಕ ಹಾಕ್ತಿರ್ಲಿಲ್ಲ ನಾನು. ನಮ್ಮಜ್ಜಿ ಕಥೆಯ ಮೊದಲ ಸಾಲು ಹೇಳ್ಕೋತಿದ್ದೆ." ಅವಳು ಅದನ್ನು ಗಟ್ಟಿಯಾಗಿ ಹೇಳಿದಳು, ಊರಿನಿಂದ ಕೀಲಿಯವರೆಗೆ. ಹೊರಗಿನ ಗಾಳಿ ತಾಗಿದ್ದೇ ಅದು ಎಷ್ಟು ಚಿಕ್ಕದಾಗಿ, ಎಷ್ಟು ಮಕ್ಕಳದಾಗಿ ಕೇಳಿಸಿತು! "ಅದು ನನ್ನ ಬಾಯಿಗೆ ಅಂಟಿಕೊಂಡುಬಿಟ್ಟಿದೆ. ಉಪ್ಪು ಬೇಕಾ ಅಂತ ಕೇಳಿದ್ರೂ ಅದೇ ಬರುತ್ತೆ. ಒಬ್ಬ ಬಂದು ಹೋಗ್ಲಾ ಇರ್ಲಾ ಅಂತ ಕೇಳ್ದ. ನಂಗೆ ಕುಣಿಯೋ ಅಷ್ಟು ಖುಷಿ ಆಗಿತ್ತು. ಆಗ್ಲೂ ಅದೇ ಬಂತು. ಅವನು ನಾನು ತೂಗಿ ನೋಡ್ತಿದ್ದೀನಿ ಅಂದ್ಕೊಂಡ. ತೂಗಲಿಲ್ಲ. ಆಣೆ ಮಾಡ್ತೀನಿ, ತೂಗಲಿಲ್ಲ."

ಅವನ ಕೈಯ ಇಕ್ಕಳ ಕೆಳಗಿಳಿಯಿತು.

"ಬರೋ ವರ್ಷ ನಂಗೆ ಒಂದೇ ಗುರಿ. ಈ ಮೇಜು ಬಿಟ್ಟು ಬೇರೆಲ್ಲೂ ಆ ಸಾಲು ಹೇಳ್ಕೊಳ್ಳಲ್ಲ. ಅವನು ಕೇಳಿದ್ದಕ್ಕೆ ಕೇಳಿದ ತಕ್ಷಣ ಹೇಳ್ತೀನಿ. ತಪ್ಪು ಹೇಳಿದ್ರೂ ಸರಿ, ಪೆದ್ದುಪೆದ್ದಾಗಿ ಹೇಳಿದ್ರೂ ಸರಿ. ಟೂರ್ನಮೆಂಟ್ ಹೋದ್ರೆ ಹೋಗ್ಲಿ. ನೀವೆಲ್ಲ ನನ್ನ ಮುಖ ಓದಿ ಗೆದ್ಕೊಳ್ಳಿ. ಅವನೊಬ್ಬ ಓದಿದ್ರೆ ಸಾಕು ನಂಗೆ."

ಅವಳು ಕಾದಳು, ಮೇಜು ಸದ್ದಾದೀತೇ ಅಂತ.

ಯಾರೂ ತಟ್ಟಲಿಲ್ಲ. ಮೇಜಿನ ಮೇಲೆ ಸದಾ ಏನನ್ನಾದರೂ ಕುಟ್ಟುತ್ತಲೇ ಇರುತ್ತಿದ್ದ ಕಂಡಕ್ಟರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡಿದ್ದರು. ಹಲ್ಲಿನ ಡಾಕ್ಟರು ಕನ್ನಡಕ ತೆಗೆದರು.

"ಎಷ್ಟೋ ವರ್ಷದಿಂದ ಈ ಮುಖ ಓದೋಕೆ ಒದ್ದಾಡ್ತಿದ್ದೆ," ಅಂದರು. "ಇವತ್ತು ಓದಿದೆ. ನಿಜ ಕಣಪ್ಪ ಮೊಳೆ. ತಟ್ಟೋಕೆ ಏನೂ ಇಲ್ಲ."

ಅವನು ಅವಳ ಪಕ್ಕ ಮಂಡಿಯೂರಿದ. ಅಭ್ಯಾಸಬಲ, ಮೊದಲು ಕೈ ಹೋದದ್ದು ಅಂಚಿನ ಅಡಿಗೆ. ಚರ್ಮ ಹರಿದು ನೂಲಾಗಿತ್ತು. ಆ ನೂಲನ್ನು ಬೆರಳಿನಿಂದ ಸವರಿದ. ಆಮೇಲೆ ಅವಳ ಹೆಬ್ಬೆರಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ.

"ಬೆಕ್ಕೇ," ಅಂದ.

"ಕೇಳು," ಅಂದಳು ಅವಳು. "ಇನ್ನೊಂದ್ಸಲ ಕೇಳು. ಬೇಗ."

"ಹೋಗ್—"

"ಇರು! ಹೋಗ್ಬೇಡ! ಎಲ್ಲಿಗೂ ಹೋಗ್ಬೇಡ!"

ಕಂಡಕ್ಟರು ಕೆಮ್ಮಿದರು. "ಪೂರ್ತಿ ಕೇಳೋಕಾದ್ರೂ ಬಿಡಮ್ಮ ಆ ಹುಡುಗನ್ನ!"

ನಗೆಯೆದ್ದಿತು. ಅವನು ನಗಲಿಲ್ಲ. ಅವಳ ಕೈ ಹಿಡಿದಿದ್ದ, ಅವಳ ಕಣ್ಣನ್ನೇ ನೋಡುತ್ತಿದ್ದ, ಬಾಯಿ ಮಾತ್ರ ಮುಚ್ಚಿತ್ತು. ಅವಳ ನಗು ಅರ್ಧಕ್ಕೇ ನಿಂತಿತು. ಹೊರಗೆ ರಸ್ತೆಯಲ್ಲಿ ಯಾವುದೋ ಬಸ್ಸು ಉದ್ದನೆಯ ಹಾರ್ನ್ ಹಾಕಿಕೊಂಡು ಹೋಯಿತು.

ತಡವಾಯಿತೇ? ಅವನ ಮನಸ್ಸು ಆಗಲೇ ಬಸ್ಸು ಹತ್ತಿಬಿಟ್ಟಿದೆಯೇ?

ಆಗ ಅವಳಿಗೆ ಕಂಡಿತು. ಅವನ ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು.

ಒಂದೂರು. ಊರಿಗೊಂದು ಕೋಟೆ.

ಅಯ್ಯೋ, ಇಷ್ಟು ಉದ್ದವೇ ಈ ಸಾಲು! ಎಷ್ಟು ಸಲ ಹೇಳಿಕೊಂಡಿದ್ದಳೋ, ಈಚೆ ಬದಿಯಲ್ಲಿ ನಿಂತು ಕಾದದ್ದು ಇದೇ ಮೊದಲು. ಕೋಟೆಗೊಂದು ಬಾಗಿಲು. ಆ ಬೆಳಗ್ಗೆ ಅವನು ಕೂತದ್ದು ಇಲ್ಲೇ. ಬಾಗಿಲಿಗೊಂದು ಬೀಗ. ರಜೆ ಮುಗಿದ ಪುಟ್ಟ ಹುಡುಗ ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮನ ಬಾಯಿ ನೋಡುತ್ತ ನಿಂತದ್ದೂ ಇಲ್ಲೇ. ಅವಳ ಕಣ್ಣು ತುಂಬಿ ಬಂತು, ಎಲ್ಲರ ಎದುರಿಗೇ, ಮುಚ್ಚಿಕೊಳ್ಳಲು ಒಂದು ಎಲೆಯೂ ಕೈಯಲ್ಲಿಲ್ಲದೆ.

ಅವನು ಬೀಗದ ಹತ್ತಿರ ನಿಂತುಬಿಟ್ಟ. ತುಟಿಯ ಮೂಲೆಯಲ್ಲಿ ಒಂದು ತುಂಟತನ ತಡೆಯಲಾರದೆ ಇಣುಕಿತು.

"ಮುಂದೇನು?" ಅಂದ. "ಮರೆತೋಯ್ತು."

"ಕೀಲಿ ಕಣೋ!" ಅವಳು ಅಳುತ್ತ, ನಗುತ್ತ, ಅವನ ಭುಜಕ್ಕೆ ಗುದ್ದಿದಳು. "ಬೀಗಕ್ಕೊಂದು ಕೀಲಿ!"

"ಹೂಂ," ಅಂದ ಅವನು. "ಇರ್ತೀನಿ."